ಬೂದಿ ಮುಚ್ಚಿದ ನೋವಾಗಳು: ಇರ್ಸಾ ಅವಗೆಂಪು ಭಂಡಾರವನ್ನು ಬಳಸಿ ನೋಡಿದ ಮೇಲೆ

ನೋವಾ ಸ್ಫೋಟದ ಸುತ್ತ ಹುಟ್ಟುವ ಧೂಳನ್ನು ಮನೆಯಲ್ಲಿ ಕೂತು, ಒಂದು ರೂಪಾಯಿಯೂ ಖರ್ಚಿಲ್ಲದೆ ಅಭ್ಯಾಸ ಮಾಡಬಹುದೇ ಎಂದು ಕೇಳುವವರಿಗೆ ಮಾಡಬಹುದು ಎಂದೇ ನಾನು ಹೇಳುತ್ತೇನೆ. ಆದರೆ ಅದಕ್ಕೆ ಎರಡು ಮೂರು ಷರತ್ತುಗಳಿವೆ. ಅವನ್ನು ತಿಳಿಯದೆ ಹೋದವರು ಇಲ್ಲದ ಧೂಳನ್ನು ಕಂಡು ಬರುತ್ತಾರೆ. ನಾನೇ ಒಮ್ಮೆ ಕಂಡು ಬಂದಿದ್ದೇನೆ. ಇಲ್ಲಿ ನಾನು ವಿಮರ್ಶಿಸುತ್ತಿರುವುದು ಅಮೆರಿಕದ ಪಾಸಡೀನಾದಲ್ಲಿರುವ ಕ್ಯಾಲ್‌ಟೆಕ್ ಸಂಸ್ಥೆಯ ಐಪ್ಯಾಕ್ ಕೇಂದ್ರವು ನಾಸಾ ಪರವಾಗಿ ನಡೆಸುವ ಇನ್‌ಫ್ರಾರೆಡ್ ಸೈನ್ಸ್ ಆರ್ಕೈವ್ ಎಂಬ ಸೇವೆಯನ್ನು. ಬಳಸುವವರೆಲ್ಲ ಅದನ್ನು ಇರ್ಸಾ ಎಂದೇ ಕರೆಯುತ್ತಾರೆ. ಪದವಿ ತರಗತಿಯ ಭೌತಶಾಸ್ತ್ರದ ಮಕ್ಕಳ ಕಿರು ಪ್ರಾಜೆಕ್ಟುಗಳಿಗೂ ನನ್ನ ಸ್ವಂತ ಕುತೂಹಲಕ್ಕೂ ನಾಲ್ಕು ವರ್ಷಗಳಿಂದ ಇದನ್ನು ಬಳಸುತ್ತಿದ್ದೇನೆ. ನೋವಾ ಧೂಳಿನ ಮಟ್ಟಿಗೆ ಇದು ಏನು ಕೊಡುತ್ತದೆ, ಏನು ಕೊಡುವುದಿಲ್ಲ ಎಂಬುದಷ್ಟೇ ಈ ಬರಹದ ವ್ಯಾಪ್ತಿ.

ಧೂಳಿಗೂ ಅವಗೆಂಪಿಗೂ ಇರುವ ನಂಟನ್ನು ಮೊದಲು ಹೇಳಬೇಕು. ಇಂಧನ ಮುಗಿದು ಕುಗ್ಗಿದ ಶ್ವೇತ ಕುಬ್ಜ ನಕ್ಷತ್ರವೊಂದು ತನ್ನ ಜೊತೆಗಾರ ನಕ್ಷತ್ರದಿಂದ ಹೈಡ್ರೋಜನ್ ಅನ್ನು ಸೆಳೆದು ಮೈಮೇಲೆ ಪೇರಿಸಿಕೊಳ್ಳುತ್ತ ಹೋಗಿ, ತಳದ ಪದರ ಸಾಕಷ್ಟು ಕಾದಾಗ ಅಲ್ಲಿ ಪರಮಾಣು ಬೆಸುಗೆ ಹತೋಟಿ ತಪ್ಪಿ, ಸೆಕೆಂಡಿಗೆ ನೂರಾರು ಅಥವಾ ಸಾವಿರಾರು ಕಿಲೋಮೀಟರ್ ವೇಗದಲ್ಲಿ ಆ ಪದರ ಹೊರಕ್ಕೆ ಚಿಮ್ಮುವುದೇ ನೋವಾ. ಚಿಮ್ಮಿದ ಅನಿಲ ಹರಡುತ್ತ ತಣಿಯುತ್ತದೆ. ಕೆಲವು ನೋವಾಗಳಲ್ಲಿ ಕೆಲವು ವಾರಗಳಿಂದ ಕೆಲವು ತಿಂಗಳುಗಳೊಳಗೆ ಅದು ಸಾವಿರ ಕೆಲ್ವಿನ್ ಆಸುಪಾಸಿಗೆ ಇಳಿದು, ಅದರಲ್ಲಿ ಇಂಗಾಲದ ಅಥವಾ ಸಿಲಿಕೇಟಿನ ಕಣಗಳು ಹೆಪ್ಪುಗಟ್ಟುತ್ತವೆ. 1934ರ ಡಿಸೆಂಬರಿನಲ್ಲಿ ಕಾಣಿಸಿಕೊಂಡ ಡಿಕ್ಯೂ ಹರ್ಕ್ಯುಲಿಸ್ ನೋವಾ ಮುಂದಿನ ವರ್ಷದ ವಸಂತದಲ್ಲಿ ಕೆಲವೇ ವಾರಗಳಲ್ಲಿ ಹಳ್ಳಕ್ಕೆ ಬಿದ್ದಂತೆ ಮಂಕಾಗಿ ಮತ್ತೆ ಚೇತರಿಸಿಕೊಂಡದ್ದನ್ನು ನೋಡಿದ ಖಗೋಳಜ್ಞ ಡೀನ್ ಮೆಕ್‌ಲಾಫ್ಲಿನ್, ನಡುವೆ ಧೂಳು ಅಡ್ಡ ಬಂದಿರಬೇಕೆಂದು ಆಗಲೇ ಊಹಿಸಿದ್ದರು. ಆ ಊಹೆಗೆ ಸಾಕ್ಷಿ ಸಿಗಲು 1970ರವರೆಗೆ ಕಾಯಬೇಕಾಯಿತು. ಆ ವರ್ಷ ಎಫ್‌ಎಚ್ ಸರ್ಪೆಂಟಿಸ್ ನೋವಾದ ಕಣ್ಣಿಗೆ ಕಾಣುವ ಬೆಳಕು ಇಳಿಯುತ್ತಿದ್ದಾಗಲೇ ಅದರ ಅವಗೆಂಪು ಬೆಳಕು ಏರಿದ್ದು ದಾಖಲಾಯಿತು. ನಕ್ಷತ್ರ ಆರಿರಲಿಲ್ಲ. ಬೂದಿ ಮುಚ್ಚಿದ ಕೆಂಡ ಕಣ್ಣಿಗೆ ಕಾಣದಿದ್ದರೂ ಅಂಗೈ ಹಿಡಿದರೆ ಶಾಖ ತಾಗುತ್ತದಲ್ಲ, ಹಾಗೆ. ಅಂಗೈಯ ಕೆಲಸವನ್ನು ಅವಗೆಂಪು ಉಪಕರಣ ಮಾಡುತ್ತದೆ. ಸಾವಿರ ಕೆಲ್ವಿನ್ ಬಿಸಿಯ ಕಣ ಅತಿ ಹೆಚ್ಚು ಹೊಳೆಯುವುದು 2.9 ಮೈಕ್ರಾನ್ (ಮೈಕ್ರಾನ್ ಎಂದರೆ ಮೀಟರಿನ ಹತ್ತು ಲಕ್ಷದ ಒಂದು ಭಾಗ) ತರಂಗಾಂತರದಲ್ಲಿ, 300 ಕೆಲ್ವಿನ್‌ಗೆ ತಣಿದ ಕಣ ಸುಮಾರು 10 ಮೈಕ್ರಾನ್‌ನಲ್ಲಿ. ನಮ್ಮ ಕಣ್ಣಿನ ಎಟುಕು 0.7 ಮೈಕ್ರಾನ್‌ಗೇ ಮುಗಿಯುತ್ತದೆ.

ಈಗ ಭಂಡಾರದ ಒಳಗೆ ಹೋಗೋಣ. ಇಲ್ಲಿರುವ ಸರಕು ಬಹಳ: 1997ರಿಂದ 2001ರವರೆಗೆ ನಡೆದ ಟೂಮಾಸ್ ಎಂಬ ಇಡೀ ಆಕಾಶದ ಸಮೀಕ್ಷೆ, 2003ರಿಂದ 2020ರ ಜನವರಿಯವರೆಗೆ ಕೆಲಸ ಮಾಡಿದ ಸ್ಪಿಟ್ಜರ್ ಬಾಹ್ಯಾಕಾಶ ದೂರದರ್ಶಕದ ದಾಖಲೆಗಳು, ಬೋಯಿಂಗ್ 747 ವಿಮಾನದೊಳಗೆ ಕೂರಿಸಿದ ಎರಡೂವರೆ ಮೀಟರ್ ದೂರದರ್ಶಕವಾದ ಸೋಫಿಯಾದ ದಾಖಲೆಗಳು, ಇನ್ನೂ ಹಲವು. ನೋವಾಗಳ ಬೆನ್ನು ಹತ್ತಿದವನಿಗೆ ಮಾತ್ರ ಇವೆಲ್ಲಕ್ಕಿಂತ ಹೆಚ್ಚು ಒದಗುವುದು ವೈಸ್ ಉಪಗ್ರಹದ ಕೋಷ್ಟಕ. 40 ಸೆಂಟಿಮೀಟರ್ ಕನ್ನಡಿಯ ಈ ಚಿಕ್ಕ ದೂರದರ್ಶಕ 2009ರ ಡಿಸೆಂಬರಿನಲ್ಲಿ ಮೇಲೇರಿ 3.4, 4.6, 12 ಮತ್ತು 22 ಮೈಕ್ರಾನ್‌ಗಳ ನಾಲ್ಕು ಬ್ಯಾಂಡುಗಳಲ್ಲಿ, ಅಂದರೆ ತರಂಗಾಂತರದ ಪಟ್ಟಿಗಳಲ್ಲಿ, ಆಕಾಶವನ್ನು ನೋಡಿತು. ಅದನ್ನು ತಂಪಾಗಿಡುತ್ತಿದ್ದ ಘನ ಹೈಡ್ರೋಜನ್ 2010ರಲ್ಲಿ ಮುಗಿದುಹೋದ ಮೇಲೆ ಕಡೆಯ ಎರಡು ಬ್ಯಾಂಡುಗಳು ಕುರುಡಾದವು. 2011ರ ಫೆಬ್ರುವರಿಯಲ್ಲಿ ಅದನ್ನು ನಿದ್ದೆಗೆ ಹಾಕಿದರು. 2013ರ ಡಿಸೆಂಬರಿನಲ್ಲಿ ಕ್ಷುದ್ರಗ್ರಹಗಳನ್ನು ಹುಡುಕುವುದಕ್ಕೆಂದು ನಿಯೋವೈಸ್ ಎಂಬ ಹೆಸರಿನಲ್ಲಿ ಮತ್ತೆ ಎಬ್ಬಿಸಿದರು. ಅಲ್ಲಿಂದ 2024ರ ಜುಲೈ ಕೊನೆಯವರೆಗೆ ಉಳಿದೆರಡು ಬ್ಯಾಂಡುಗಳಲ್ಲೇ ಇಡೀ ಆಕಾಶವನ್ನು ಆರು ತಿಂಗಳಿಗೊಮ್ಮೆ ಅದು ಗುಡಿಸಿತು. ಕ್ಷುದ್ರಗ್ರಹಕ್ಕಾಗಿ ಬೀಸಿದ ಬಲೆಯಲ್ಲಿ ನೋವಾದ ಧೂಳೂ ಸಿಕ್ಕಿಬಿದ್ದಿದೆ. ನಾವು ಆರಿಸಿಕೊಳ್ಳಬೇಕು, ಅಷ್ಟೆ.

ಆರಿಸಿಕೊಳ್ಳುವ ಕ್ರಮ ಸರಳ. ಹೆಸರು ನೋಂದಾಯಿಸಬೇಕಿಲ್ಲ, ಹಣ ಕಟ್ಟಬೇಕಿಲ್ಲ. ಗೇಟರ್ ಎಂದು ಕರೆಯುವ ಕೋಷ್ಟಕ ಹುಡುಕುವ ಪುಟದಲ್ಲಿ ವೈಸ್ ವಿಭಾಗವನ್ನು ಆರಿಸಿ, ಅದರಲ್ಲಿ ನಿಯೋವೈಸ್‌ನ ಬಿಡಿ ಚಿತ್ರಗಳಿಂದ ತೆಗೆದ ಕೋಷ್ಟಕವನ್ನು ಆರಿಸಿ, ನೋವಾದ ಹೆಸರು ಅಥವಾ ಸ್ಥಾನಾಂಕ ಬರೆದು, ಎಷ್ಟು ತ್ರಿಜ್ಯದಲ್ಲಿ ಹುಡುಕಬೇಕೆಂದು ಆರ್ಕ್‌ಸೆಕೆಂಡುಗಳಲ್ಲಿ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ರಲ್ಲೊಂದು ಭಾಗ) ಹೇಳಿದರೆ ಸಾಲು ಸಾಲಾಗಿ ಅಳತೆಗಳು ಬರುತ್ತವೆ. ಬಿಡಿ ಚಿತ್ರಗಳ ಕೋಷ್ಟಕವನ್ನೇ ಆರಿಸಬೇಕೆಂಬುದನ್ನು ಒತ್ತಿ ಹೇಳುತ್ತೇನೆ. ಆಲ್‌ವೈಸ್ ಎಂಬ ಹೆಸರಿನ ಜನಪ್ರಿಯ ಕೋಷ್ಟಕದಲ್ಲಿ ಹಲವು ಚಿತ್ರಗಳನ್ನು ಒಟ್ಟು ಸೇರಿಸಿ ಒಂದೇ ಅಂಕಿ ಕೊಟ್ಟಿರುವುದರಿಂದ, ಬದಲಾಗುತ್ತಲೇ ಇರುವ ನೋವಾಕ್ಕೆ ಅದು ಹೊಂದುವುದಿಲ್ಲ. ಉಪಗ್ರಹ ಪ್ರತಿ ಭೇಟಿಯಲ್ಲಿ ಒಂದು ಜಾಗವನ್ನು ಒಂದೆರಡು ದಿನಗಳ ಅವಧಿಯಲ್ಲಿ ಹನ್ನೆರಡರ ಆಸುಪಾಸು ಸಲ ಚಿತ್ರಿಸುತ್ತಿತ್ತು. ಹತ್ತೂವರೆ ವರ್ಷಗಳಲ್ಲಿ ಅಂಥ ಭೇಟಿಗಳು ಇಪ್ಪತ್ತೊಂದರಷ್ಟು. ಹೀಗಾಗಿ ಒಂದು ನೋವಾಕ್ಕೆ ಇನ್ನೂರೈವತ್ತರ ಹತ್ತಿರದ ಸಾಲುಗಳು ಕೈಗೆ ಬರುತ್ತವೆ, ಅವು ಎಕ್ಸೆಲ್‌ನಲ್ಲಿಯೇ ತೆರೆದು ನೋಡಬಹುದಾದಷ್ಟು ಚಿಕ್ಕ ಕಡತ. ನಮ್ಮೂರಿನ ಸಂಪರ್ಕದ ವೇಗದಲ್ಲಿಯೂ ಚಹಾ ಆರುವ ಮೊದಲೇ ಇಳಿದಿರುತ್ತದೆ.

ಕೈಗೆ ಬಂದ ಸಾಲುಗಳನ್ನು ಅಕ್ಕಿಯಂತೆ ಆರಿಸದೆ ಬೇಯಿಸಬಾರದು. ಚಿತ್ರದ ಗುಣಮಟ್ಟ ಹೇಳುವ ಕಂಬಸಾಲು (ಕಾಲಂ) ಒಂದಿದೆ, ಚಂದ್ರನ ಬೆಳಕು ಚೆಲ್ಲಿದೆಯೇ ಎಂದು ಹೇಳುವುದು ಇನ್ನೊಂದು, ದಕ್ಷಿಣ ಅಟ್ಲಾಂಟಿಕ್ ಮೇಲಿನ ವಿಕಿರಣದ ಪಟ್ಟೆಯಿಂದ ಉಪಗ್ರಹ ಎಷ್ಟು ದೂರವಿತ್ತೆಂದು ಹೇಳುವುದು ಮತ್ತೊಂದು, ಪಕ್ಕದ ಪ್ರಕಾಶಮಾನ ನಕ್ಷತ್ರದ ಪ್ರತಿಫಲನ ಬಿದ್ದಿದೆಯೇ ಎಂದು ಸೂಚಿಸುವ ಸೊನ್ನೆಗಳ ಸಾಲು ಮಗದೊಂದು. ಇವನ್ನು ನೋಡಿ ಕೆಟ್ಟ ಸಾಲುಗಳನ್ನು ತೆಗೆದು, ಪ್ರತಿ ಭೇಟಿಯ ಉಳಿದ ಅಳತೆಗಳ ಮಧ್ಯಮವನ್ನು ತೆಗೆದುಕೊಂಡರೆ ಕಾಂತಿರೇಖೆ, ಅಂದರೆ ಹೊಳಪು ಕಾಲಕ್ರಮೇಣ ಬದಲಾಗುವುದನ್ನು ತೋರಿಸುವ ನಕ್ಷೆ, ಚೊಕ್ಕಟವಾಗಿ ಬರುತ್ತದೆ. ದಿನಾಂಕದ ವಿಷಯದಲ್ಲಿ ಒಂದು ಎಚ್ಚರಿಕೆ: ಇರ್ಸಾ ಕೊಡುವುದು ತಿಂಗಳು ವರ್ಷಗಳಿಲ್ಲದೆ ದಿನಗಳನ್ನಷ್ಟೇ ಎಣಿಸುವ ಪರಿಷ್ಕೃತ ಜೂಲಿಯನ್ ದಿನ, 57000 ಎಂದಿದ್ದರೆ ಅದು 2014ರ ಡಿಸೆಂಬರ್ 9. ಹವ್ಯಾಸಿ ವೀಕ್ಷಕರ ಸಂಘವಾದ ಎಎವಿಎಸ್‌ಒ ತನ್ನ ಕಾಂತಿರೇಖೆಗಳಲ್ಲಿ ಕೊಡುವುದು ಪೂರ್ಣ ಜೂಲಿಯನ್ ದಿನ. ಎರಡರ ನಡುವಿನ ಅಂತರ 24,00,000.5. ಆ ಅರ್ಧ ದಿನವನ್ನು ಮರೆಯುವುದು ನನ್ನ ವಿದ್ಯಾರ್ಥಿಗಳ ವಾರ್ಷಿಕ ಸಂಪ್ರದಾಯ.

ಹುಡುಕುವ ತ್ರಿಜ್ಯದಲ್ಲಿ ನಾನೇ ಎಡವಿದ್ದೇನೆ. ಆಕಾಶಗಂಗೆಯ ನಡುಭಾಗದ ದಟ್ಟಣೆಯಲ್ಲಿದ್ದ ಒಂದು ನೋವಾಕ್ಕೆ ಹತ್ತು ಆರ್ಕ್‌ಸೆಕೆಂಡ್ ಕೊಟ್ಟೆ. ಬಂದ ಅಳತೆಗಳು ಎರಡು ಹಂತಗಳಲ್ಲಿ ಜಿಗಿಯುತ್ತಿದ್ದವು. ಧೂಳು ಬಂದು ಹೋಗುತ್ತಿದೆ ಎಂದು ಎರಡು ಸಂಜೆ ತಲೆ ಕೆಡಿಸಿಕೊಂಡೆ. ಕೊನೆಗೆ ಪ್ರತಿ ಸಾಲಿನ ಸ್ಥಾನಾಂಕ ನೋಡಿದಾಗ ಅರ್ಧದಷ್ಟು ಅಳತೆಗಳು ಪಕ್ಕದ ಕೆಂಪು ನಕ್ಷತ್ರದವೆಂದು ತಿಳಿಯಿತು. ವೈಸ್ ದೂರದರ್ಶಕದ ಮೊದಲೆರಡು ಬ್ಯಾಂಡುಗಳ ಸೂಕ್ಷ್ಮತೆಯೇ ಆರು ಆರ್ಕ್‌ಸೆಕೆಂಡಿನ ಸುಮಾರಿಗೆ ಇರುವಾಗ, ಅದಕ್ಕಿಂತ ಹತ್ತಿರದ ಎರಡು ನಕ್ಷತ್ರಗಳು ಅದಕ್ಕೆ ಒಂದೇ ಗುಡ್ಡೆ. ಈಗ ಮೂರು ಆರ್ಕ್‌ಸೆಕೆಂಡಿಗಿಂತ ಹೆಚ್ಚು ಕೊಡುವುದಿಲ್ಲ, ಮತ್ತು ಕೋಷ್ಟಕಕ್ಕೆ ಮೊದಲು ಅದೇ ತಾಣದ ಫೈಂಡರ್ ಚಾರ್ಟ್‌ನಲ್ಲಿ ಆ ಜಾಗದ ಚಿತ್ರವನ್ನು ಕಣ್ಣಾರೆ ನೋಡುತ್ತೇನೆ. ಟೂಮಾಸ್‌ನ ಹೆಚ್ಚು ಸೂಕ್ಷ್ಮ ಚಿತ್ರವೂ ಅಲ್ಲೇ ಪಕ್ಕದಲ್ಲಿ ಸಿಗುವುದರಿಂದ ನೆರೆಹೊರೆ ಯಾರೆಂದು ಕೂಡಲೇ ಗೊತ್ತಾಗುತ್ತದೆ.

ಎರಡೇ ಬ್ಯಾಂಡುಗಳಿಂದ ಧೂಳಿನ ಬಗ್ಗೆ ಏನು ತಿಳಿಯುತ್ತದೆ ಎಂಬುದು ಈ ಸೇವೆಯ ಬೆಲೆ ಕಟ್ಟುವಾಗ ಮುಖ್ಯ ಪ್ರಶ್ನೆ. 3.4 ಮೈಕ್ರಾನ್‌ನ ಕಾಂತಿಮಾನದಿಂದ (ಹೊಳಪು ಹೆಚ್ಚಿದಷ್ಟೂ ಕಡಿಮೆಯಾಗುವ ಅಳತೆ ಇದು) 4.6 ಮೈಕ್ರಾನ್‌ನ ಕಾಂತಿಮಾನವನ್ನು ಕಳೆದರೆ ಬರುವ ಅಂಕಿಯೇ ನಮ್ಮ ಥರ್ಮಾಮೀಟರ್. ಧೂಳನ್ನು ಕಪ್ಪು ಕಾಯವೆಂದು, ಅಂದರೆ ಬರೀ ತನ್ನ ಉಷ್ಣತೆಗೆ ತಕ್ಕಂತೆ ಹೊಳೆಯುವ ಆದರ್ಶ ವಸ್ತುವೆಂದು ಭಾವಿಸಿ ನಾನು ಹಾಕಿದ ಲೆಕ್ಕದಲ್ಲಿ ಸಾವಿರ ಕೆಲ್ವಿನ್‌ಗೆ ಆ ವ್ಯತ್ಯಾಸ ಸುಮಾರು 0.9, ಏಳು ನೂರಕ್ಕೆ 1.4, ಐದು ನೂರಕ್ಕೆ 2.1; ಧೂಳಿಲ್ಲದ ಬರೀ ಬಿಸಿ ನಕ್ಷತ್ರಕ್ಕೆ ಹೆಚ್ಚುಕಡಿಮೆ ಸೊನ್ನೆ. ಆರು ತಿಂಗಳಿಗೊಂದು ಬಿಂದುವಿನಂತೆ ಈ ಅಂಕಿ ಒಂದರಿಂದ ಎರಡರ ಕಡೆಗೆ ಏರುತ್ತ, ಜೊತೆಗೆ ಒಟ್ಟು ಹೊಳಪು ಇಳಿಯುತ್ತ ಹೋಗುವುದನ್ನು ನಕ್ಷೆಯ ಮೇಲೆ ಗುರುತಿಸುವಾಗ, ನಕ್ಷತ್ರದಿಂದ ದೂರ ಸರಿಯುತ್ತಿರುವ ಧೂಳಿನ ಚಿಪ್ಪು ತಣಿಯುತ್ತಿರುವುದನ್ನೇ ನಾವು ನೋಡುತ್ತಿರುತ್ತೇವೆ. ಕೆಲವು ನೋವಾಗಳ ಆ ಚಿಪ್ಪಿನಲ್ಲಿರುವ ಧೂಳು ನಮ್ಮ ಚಂದ್ರನ ದ್ರವ್ಯರಾಶಿಗೆ ಹೋಲಿಸಬಹುದಾದಷ್ಟು. ಪದವಿ ಓದುವ ಹುಡುಗಿಯೊಬ್ಬಳು ಕಾಲೇಜಿನ ಹಳೆಯ ಕಂಪ್ಯೂಟರ್‌ನಲ್ಲಿ ಇದನ್ನು ಅಳೆದು ತೋರಿಸಿದಾಗ, ಹದಿನೈದು ವರ್ಷ ಪುಸ್ತಕದ ಕಪ್ಪು ಕಾಯವನ್ನೇ ಪಾಠ ಮಾಡಿದ ನನಗೆ ಸ್ವಲ್ಪ ನಾಚಿಕೆಯೂ ಆಯಿತು.

ಆದರೆ ಇಲ್ಲಿಯೇ ದೊಡ್ಡ ಗುಂಡಿಯಿದೆ, ಮೊದಲ ಸಾಲುಗಳಲ್ಲಿ ಹೇಳಿದ ಇಲ್ಲದ ಧೂಳು ನನಗೆ ಕಂಡದ್ದೂ ಇಲ್ಲಿಯೇ. ಒಂದು ನೋವಾದಲ್ಲಿ ಆ ವ್ಯತ್ಯಾಸ 0.7ರ ಹತ್ತಿರ ಬಂತು. ನನ್ನ ಕೋಷ್ಟಕದ ಪ್ರಕಾರ ಅದು 1200 ಕೆಲ್ವಿನ್‌ನ ಧೂಳು, ಆಗಷ್ಟೇ ಹುಟ್ಟಿದ್ದು. ಗೆಳೆಯರಿಗೆಲ್ಲ ಹೇಳಿ ಮುಗಿಸಿದ ಮೇಲೆ ಇನ್ನೊಂದು ಲೆಕ್ಕ ಹಾಕಿದೆ. ನೋವಾ ಚಿಮ್ಮಿಸಿದ ಬಿಸಿ ಅನಿಲದಲ್ಲಿ ಎಲೆಕ್ಟ್ರಾನುಗಳು ಅಯಾನುಗಳ ಪಕ್ಕ ಹಾದುಹೋಗುವಾಗ ಹೊಮ್ಮುವ ಬೆಳಕಿಗೆ ಧೂಳಿನ ಅಗತ್ಯವೇ ಇಲ್ಲ, ಮತ್ತು ಅದರ ರೋಹಿತ ಆವೃತ್ತಿಯೊಂದಿಗೆ ಬಹಳ ನಿಧಾನವಾಗಿ ಬದಲಾಗುತ್ತದೆ. ಅದಕ್ಕೆ ಬರುವ ವ್ಯತ್ಯಾಸವೂ ಸುಮಾರು 0.67! ಎಂದರೆ ಈ ಎರಡು ಬ್ಯಾಂಡುಗಳ ಕಣ್ಣಿಗೆ ಹತ್ತು ಸಾವಿರ ಕೆಲ್ವಿನ್‌ನ ಅನಿಲವೂ ಸಾವಿರದಿನ್ನೂರು ಕೆಲ್ವಿನ್‌ನ ಧೂಳೂ ಅವಳಿಜವಳಿ. ಸಾಲದ್ದಕ್ಕೆ 4.05 ಮೈಕ್ರಾನ್‌ನ ಹೈಡ್ರೋಜನ್ ರೇಖೆಯೂ 4.7ರ ಸುಮಾರಿನ ಕಾರ್ಬನ್ ಮಾನಾಕ್ಸೈಡ್ ಪಟ್ಟೆಯೂ ಎರಡನೆಯ ಬ್ಯಾಂಡಿನೊಳಗೇ ಬೀಳುತ್ತವೆ. ಅಂದಿನಿಂದ ನನ್ನ ನಿಯಮ ಹೀಗಿದೆ: ವ್ಯತ್ಯಾಸ ಒಂದನ್ನು ದಾಟಿ ಮುಂದಿನ ಭೇಟಿಗಳಲ್ಲಿ ಏರುತ್ತ ಹೋಗಬೇಕು, ಇಲ್ಲವೇ ಎಎವಿಎಸ್‌ಒ ಕಾಂತಿರೇಖೆಯಲ್ಲಿ ಅದೇ ಕಾಲಕ್ಕೆ ನೋವಾದ ಕಣ್ಣಿಗೆ ಕಾಣುವ ಬೆಳಕು ಕುಸಿದಿರಬೇಕು. ಎರಡೂ ಇಲ್ಲದಿದ್ದರೆ ಧೂಳು ಎಂಬ ಪದವನ್ನು ಬಾಯಿಗೆ ತರುವುದಿಲ್ಲ. ಎಎವಿಎಸ್‌ಒ ಕಾಂತಿರೇಖೆಗಳೂ ಉಚಿತವಾಗಿಯೇ ಸಿಗುವುದರಿಂದ ಇರ್ಸಾವನ್ನು ಅದರ ಜೊತೆಯಿಲ್ಲದೆ ಬಳಸುವುದಕ್ಕೆ ಯಾವ ನೆಪವೂ ಉಳಿಯುವುದಿಲ್ಲ.

ಎರಡನೆಯ ಮಿತಿ ಭಂಡಾರದ್ದಲ್ಲ, ಉಪಗ್ರಹದ ಕಕ್ಷೆಯದು. ವೈಸ್ ಸೂರ್ಯನಿಂದ ಸುಮಾರು ತೊಂಬತ್ತು ಡಿಗ್ರಿ ದೂರದ ಆಕಾಶವನ್ನೇ ನೋಡುತ್ತಿದ್ದುದರಿಂದ ಪ್ರತಿ ಜಾಗಕ್ಕೂ ಆರು ತಿಂಗಳಿಗೊಮ್ಮೆ ಸರದಿ. ಧೂಳು ಹುಟ್ಟುವ ಕ್ರಿಯೆಯಾದರೋ ಕೆಲವು ವಾರಗಳಲ್ಲಿ ಮುಗಿದುಹೋಗುತ್ತದೆ. 2013ರ ಆಗಸ್ಟ್ 14ರಂದು ಜಪಾನಿನ ಕೊಯಿಚಿ ಇಟಗಾಕಿ ಕಂಡುಹಿಡಿದ, ಬರಿಗಣ್ಣಿಗೂ ಕಂಡ ವಿ339 ಡೆಲ್ಫಿನಿ ನೋವಾದಲ್ಲಿ ಸುಮಾರು ಒಂದು ತಿಂಗಳು ಕಳೆದ ಮೇಲೆ ಧೂಳು ಕಾಣಿಸಿಕೊಂಡಿತು. ಆಗ ವೈಸ್ ನಿದ್ದೆಯಲ್ಲಿತ್ತು. 2015ರ ಮಾರ್ಚ್ 15ರಂದು ಧನು ರಾಶಿಯಲ್ಲಿ ಕಂಡ ವಿ5668 ಸಜಿಟೇರಿ ಇನ್ನೂ ಒಳ್ಳೆಯ ಉದಾಹರಣೆ. ಆ ರಾಶಿಯ ಸರದಿ ಬರುವುದು ಮಾರ್ಚ್ ಕೊನೆಯ ಸುಮಾರಿಗೆ ಮತ್ತು ಸೆಪ್ಟೆಂಬರ್ ಕೊನೆಯ ಸುಮಾರಿಗೆ. ನೋವಾ ಧೂಳಿನಲ್ಲಿ ಮುಳುಗಿದ್ದು ಜೂನ್–ಜುಲೈಯಲ್ಲಿ. ಎರಡು ಭೇಟಿಗಳ ನಡುವೆ ಮಗು ಹುಟ್ಟಿ ನಡೆಯಲು ಕಲಿತಿರುತ್ತದೆ, ನಮಗೆ ಸಿಗುವುದು ಅದರ ಬಾಲ್ಯದ ಚಿತ್ರ ಮಾತ್ರ. ಮಾರ್ಚಿನ ಆ ಮೊದಲ ಭೇಟಿಯೂ ನಿರಾಶೆಯದೇ: 3.4 ಮೈಕ್ರಾನ್‌ನಲ್ಲಿ 8ನೇ ಕಾಂತಿಮಾನಕ್ಕಿಂತ, 4.6ರಲ್ಲಿ 7ನೇ ಕಾಂತಿಮಾನಕ್ಕಿಂತ ಪ್ರಕಾಶಮಾನವಾದದ್ದೆಲ್ಲ ಈ ಉಪಕರಣದ ಸಂವೇದಕವನ್ನು ತುಂಬಿ ತುಳುಕಿಸುತ್ತದೆ. ಅಂಥ ಸಾಲುಗಳಲ್ಲಿಯೂ ಅಂಕಿಗಳು ಇರುತ್ತವೆ, ಆದರೆ ಅವು ನಕ್ಷತ್ರದ ಅಂಚಿನ ಬೆಳಕಿನಿಂದ ಅಂದಾಜಿಸಿದವು. ಬಣ್ಣದ ಲೆಕ್ಕಕ್ಕೆ ಅವನ್ನು ನಂಬಿ ಹೋಗಬಾರದು. ಪ್ರಕಾಶಮಾನ ನೋವಾಗಳಿಗಿಂತ ದೂರದ, ಮಂಕಾದ, ಹೆಸರೇ ಕೇಳಿರದ ನೋವಾಗಳಿಗೆ ಈ ಕೋಷ್ಟಕ ಹೆಚ್ಚು ಸಲ್ಲುತ್ತದೆ ಎಂಬುದು ನನ್ನ ಅನುಭವ.

ಹುಟ್ಟಿನ ಕ್ಷಣ ಬೇಕೆಂದರೆ ದಿನ ಬಿಟ್ಟು ದಿನ ನೋಡುವ ನೆಲದ ದೂರದರ್ಶಕವೇ ಬೇಕು, ಮತ್ತು ಈ ಕೆಲಸದಲ್ಲಿ ನಮ್ಮ ದೇಶದ ಪಾಲು ಚಿಕ್ಕದಲ್ಲ. ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯವು ಮೌಂಟ್ ಅಬುವಿನ ಗುರುಶಿಖರದ 1.2 ಮೀಟರ್ ದೂರದರ್ಶಕದಿಂದ ವಿ1280 ಸ್ಕಾರ್ಪಿ ಮತ್ತು ವಿ5668 ಸಜಿಟೇರಿ ನೋವಾಗಳನ್ನು ಅವಗೆಂಪಿನಲ್ಲಿ ಹಿಂಬಾಲಿಸಿದೆ. ಧೂಳಿನ ಮುನ್ಸೂಚಕವೆಂದು ಎಣಿಸುವ ಕಾರ್ಬನ್ ಮಾನಾಕ್ಸೈಡ್‌ನ 2.3 ಮೈಕ್ರಾನ್ ಸುಮಾರಿನ ಪಟ್ಟೆಗಳನ್ನು ಹಲವು ನೋವಾಗಳಲ್ಲಿ ಗುರುತಿಸಿದೆ. 2007ರ ಫೆಬ್ರುವರಿ 4ರಂದು ಪತ್ತೆಯಾದ ವಿ1280 ಸ್ಕಾರ್ಪಿಯಲ್ಲಿ ಧೂಳು ಕಾಣಲು ಸುಮಾರು 23 ದಿನ ಸಾಕಾಯಿತು. ಲಡಾಖಿನ ಹಾನ್ಲೆಯಲ್ಲಿರುವ ಎರಡು ಮೀಟರ್‌ನ ಹಿಮಾಲಯನ್ ಚಂದ್ರ ದೂರದರ್ಶಕವೂ ಹತ್ತಿರದ ಅವಗೆಂಪಿನಲ್ಲಿ ನೋಡಬಲ್ಲದು. ಭಾರತೀಯ ಖಭೌತ ಸಂಸ್ಥೆ ಅದನ್ನು ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತದೆ. ಆ ತಂಡಗಳ ಪ್ರಬಂಧಗಳಲ್ಲಿ ಧೂಳು ಹುಟ್ಟಿದ ದಿನ ಸಿಗುತ್ತದೆ. ಅದರ ಮುಂದಿನ ಹತ್ತು ವರ್ಷಗಳನ್ನು ಇರ್ಸಾ ಕೊಡುತ್ತದೆ. ನಾನು ಎರಡನ್ನೂ ಒಂದೇ ನಕ್ಷೆಯ ಮೇಲೆ ಕೂಡಿಸಿಕೊಳ್ಳುತ್ತೇನೆ.

ಧೂಳು ಯಾವುದರದ್ದು ಎಂಬ ಪ್ರಶ್ನೆಗೆ ನಿಯೋವೈಸ್ ಬಾಯಿ ಬಿಡುವುದಿಲ್ಲ. ಸಿಲಿಕೇಟ್ ಕಣಗಳ ಗುರುತು 10 ಮತ್ತು 18 ಮೈಕ್ರಾನ್‌ಗಳ ಸುಮಾರಿನಲ್ಲಿರುತ್ತದೆ, ಸಿಲಿಕಾನ್ ಕಾರ್ಬೈಡ್‌ನದು 11ರ ಮೇಲೆ. ಇಂಗಾಲದ ಮಸಿಗೆ ಗುರುತೇ ಇಲ್ಲ, ಅದು ಬರೀ ನುಣುಪಾದ ಏರಿಳಿತ. ಇದಕ್ಕೆ ಅದೇ ಭಂಡಾರದ ಸ್ಪಿಟ್ಜರ್ ವಿಭಾಗಕ್ಕೆ ಹೋಗಬೇಕು. ಅದರ ರೋಹಿತಮಾಪಕ 5ರಿಂದ 38 ಮೈಕ್ರಾನ್‌ವರೆಗೆ ನೋಡುತ್ತಿತ್ತು. 2007ರ ವಿ1065 ಸೆಂಟಾರಿ ನೋವಾದ ರೋಹಿತದಲ್ಲಿ ಸಿಲಿಕೇಟಿನ ಉಬ್ಬು ಎದ್ದು ಕಾಣುತ್ತದೆ. ಹೆಚ್ಚಿನ ಪುಸ್ತಕಗಳು ಹೇಳುವ ಸರಳ ನಿಯಮವೊಂದಿದೆ: ಇಂಗಾಲ ಮತ್ತು ಆಮ್ಲಜನಕಗಳಲ್ಲಿ ಕಡಿಮೆಯಿರುವುದು ಪೂರ್ತಿಯಾಗಿ ಕಾರ್ಬನ್ ಮಾನಾಕ್ಸೈಡ್‌ನಲ್ಲಿ ಸಿಕ್ಕಿಕೊಳ್ಳುತ್ತದೆ, ಹೆಚ್ಚಿರುವುದು ಧೂಳಾಗುತ್ತದೆ, ಆದ್ದರಿಂದ ಒಂದು ನಕ್ಷತ್ರದ ಸುತ್ತ ಒಂದೇ ಬಗೆಯ ಧೂಳು. ನೋವಾಗಳು ಈ ನಿಯಮವನ್ನು ಪಾಲಿಸುವುದಿಲ್ಲ. 1987ರ ಕ್ಯೂವಿ ವಲ್ಪೆಕ್ಯುಲೆ ನೋವಾ ಒಂದಾದ ಮೇಲೊಂದರಂತೆ ಇಂಗಾಲ, ಸಿಲಿಕಾನ್ ಕಾರ್ಬೈಡ್, ಸಿಲಿಕೇಟ್, ಹೈಡ್ರೋಕಾರ್ಬನ್ ನಾಲ್ಕನ್ನೂ ತೋರಿಸಿತು. ಅಷ್ಟು ಉಗ್ರ ವಿಕಿರಣದ ನಡುವೆ ಕಣಗಳು ಕೂಡಿಕೊಳ್ಳುವುದಾದರೂ ಹೇಗೆ ಎಂಬುದಕ್ಕೆ, ವೇಗದ ಅನಿಲ ನಿಧಾನದ ಅನಿಲಕ್ಕೆ ಗುದ್ದಿದಾಗ ಆಗುವ ಆಘಾತದ ಹಿಂದೆ ತಣಿದು ದಟ್ಟವಾದ ಪದರವೇ ಆಸರೆ ಕೊಡುತ್ತದೆಂಬ ವಿವರಣೆಯನ್ನು 2017ರಲ್ಲಿ ಮುಂದಿಟ್ಟಿದ್ದಾರೆ. ನನಗೆ ಅದು ಒಪ್ಪಿಗೆಯಾಗುತ್ತದೆ. ಸ್ಪಿಟ್ಜರ್ ವಿಭಾಗ ಹೊಸಬರಿಗೆ ಅಷ್ಟು ಸುಲಭವಲ್ಲ. ಒಂದು ನೋವಾಕ್ಕೆ ರೋಹಿತ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ, ಮತ್ತು ಕಡತಗಳ ಹೆಸರುಗಳು ಒಂದು ಲಿಪಿಯನ್ನೇ ಕಲಿಯುವಷ್ಟು ಕೆಲಸ ಕೊಡುತ್ತವೆ. ಸಂಸ್ಕರಿಸಿ ಸಿದ್ಧಪಡಿಸಿದ ರೋಹಿತಗಳನ್ನೇ ಮೊದಲು ಕೇಳಿಕೊಳ್ಳುವುದು ಒಳ್ಳೆಯದು.

ಕೈಪಿಡಿಗಳ ಬಗ್ಗೆ ಒಂದು ಮಾತು. ಅವು ಇಂಗ್ಲಿಷಿನಲ್ಲಿವೆ, ಉದ್ದವಾಗಿವೆ, ವೃತ್ತಿಪರರನ್ನು ಕಣ್ಣ ಮುಂದಿಟ್ಟುಕೊಂಡು ಬರೆದವು. ಆದರೆ ಪ್ರಾಮಾಣಿಕವಾಗಿವೆ: ಯಾವ ಅಂಕಿಯನ್ನು ಯಾವಾಗ ನಂಬಬಾರದೆಂದು ಸೇವೆ ಕೊಡುವವರೇ ಬರೆದಿಟ್ಟಿರುತ್ತಾರೆ. ಕನ್ನಡ ಮಾಧ್ಯಮದಿಂದ ಬಂದ ನನ್ನ ವಿದ್ಯಾರ್ಥಿಗಳಿಗೆ ಕಂಬಸಾಲುಗಳ ಹೆಸರಿಗೆ ಕನ್ನಡದಲ್ಲಿ ಒಂದು ಪುಟದ ಅರ್ಥಕೋಶ ಮಾಡಿಕೊಟ್ಟೆ. ಅಷ್ಟಾದ ಮೇಲೆ ಎರಡನೆಯ ವಾರದಿಂದ ನನ್ನ ಸಹಾಯ ಅವರಿಗೆ ಬೇಕಾಗಲಿಲ್ಲ.

ಪ್ರೌಢಶಾಲೆಯ ಮಕ್ಕಳಿಗೆ ಇದನ್ನು ಕೊಡಲಾರೆ, ಅವರಿಗೆ ಬೈನಾಕ್ಯುಲರೇ ಚೆನ್ನ. ಪದವಿ ವಿದ್ಯಾರ್ಥಿಗಳಿಗೆ, ಎಎವಿಎಸ್‌ಒಗೆ ಅಳತೆ ಕಳಿಸುವ ಹವ್ಯಾಸಿಗಳಿಗೆ, ಕಪ್ಪು ಕಾಯದ ಪಾಠಕ್ಕೆ ಜೀವಂತ ಉದಾಹರಣೆ ಹುಡುಕುವ ಅಧ್ಯಾಪಕರಿಗೆ ಹಿಂಜರಿಯದೆ ಹೇಳುತ್ತೇನೆ. ನಿಯೋವೈಸ್ ಈಗಿಲ್ಲ, 2024ರ ಆಗಸ್ಟಿನಲ್ಲಿ ಅದನ್ನು ಸ್ಥಗಿತಗೊಳಿಸಿದರು, ನವೆಂಬರಿನಲ್ಲಿ ಅದು ವಾತಾವರಣಕ್ಕೆ ಬಿದ್ದು ಉರಿದುಹೋಯಿತು. ಅದರ ನಂತರದ ನೋವಾಗಳಿಗೆ 2025ರ ಮಾರ್ಚ್ 11ರಂದು ಮೇಲೇರಿದ ಸ್ಪಿಯರೆಕ್ಸ್ ಉಪಗ್ರಹವಿದೆ, ಅದರ ದಾಖಲೆಗಳೂ ಇದೇ ಇರ್ಸಾದಲ್ಲಿ ಎಲ್ಲರಿಗೂ ತೆರೆದಿವೆ. ಭೇಟಿಯ ಅಂತರ ಇಲ್ಲಿಯೂ ಹೆಚ್ಚುಕಡಿಮೆ ಆರು ತಿಂಗಳೇ. ಆದರೆ 0.75ರಿಂದ 5 ಮೈಕ್ರಾನ್‌ವರೆಗಿನ ಬೆಳಕನ್ನು ಎರಡು ಬ್ಯಾಂಡುಗಳ ಬದಲು 102 ಬಣ್ಣಗಳಾಗಿ ಬಿಡಿಸುವುದರಿಂದ, ಹೈಡ್ರೋಜನ್ ರೇಖೆಯನ್ನು ಒಂದು ಕಡೆ ಇಟ್ಟು ಧೂಳಿನ ಉಬ್ಬನ್ನು ಇನ್ನೊಂದು ಕಡೆ ಇಡಬಹುದು. ನನ್ನನ್ನು ಮೂರ್ಖನನ್ನಾಗಿಸಿದ ಆ 0.67 ಮತ್ತು 0.7ರ ಅವಳಿಗಳನ್ನು ಬೇರ್ಪಡಿಸಲು ಈ ವಾರ ಮೊದಲ ಕಡತ ಇಳಿಸಿಕೊಂಡಿದ್ದೇನೆ. ತ್ರಿಜ್ಯವನ್ನು ಮೂರು ಆರ್ಕ್‌ಸೆಕೆಂಡ್ ಎಂದೇ ಕೊಡಲು ಹೋದೆ, ಈ ಉಪಗ್ರಹದ ಒಂದು ಚುಕ್ಕಿಯೇ ಆರು ಆರ್ಕ್‌ಸೆಕೆಂಡಿನದೆಂದು ಆಮೇಲೆ ನೆನಪಾಯಿತು.